ಸುಂಕದವನ ಮುಂದೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆಯನ್ನು ಕಟ್ಟಿದವರು ನಮ್ಮ ನಗರ್ತಪೇಟೆಯವರೇ ಇರಬೇಕೆಂದು ನನಗೆ ಬಹುದಿನದ ಗುಮಾನಿ. ನಗರ್ತ ವರ್ತಕರು ಹೆಸರು ಕೊಟ್ಟ ಪೇಟೆ ಇದು. ಕಾಳಿಕಾಂಬಾ ದೇವಸ್ಥಾನದ ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿ, ಕೆಳಗೆ ಅಂಗಡಿ ಮೇಲೆ ಸಂಸಾರ ಎಂಬ ಹಳೆಯ ಕ್ರಮದಲ್ಲಿ, ನಾವೂ ಒಂದು ಮಹಡಿಯನ್ನು ಹಿಡಿದುಕೊಂಡಿದ್ದೇವೆ. ಇಲ್ಲಿ ಹುಟ್ಟಿದ ಮಗು ಅಕ್ಷರ ಕಲಿಯುವುದಕ್ಕೆ ಮುಂಚೆಯೇ “ಬಿಲ್ಲು ಬೇಕಾ, ಬೇಡವಾ?” ಎಂಬ ಮಾತನ್ನು ಕಲಿತಿರುತ್ತದೆ.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಸುಂಕದ ಪರಿಚಯವಾದದ್ದು ಶಾಸನಗಳಿಂದ. ಹೆಜ್ಜುಂಕ, ವಡ್ಡರಾವುಳ ಮೊದಲಾದ ಹೆಸರುಗಳನ್ನು ಹುಡುಗರಿಗೆ ಹೇಳಿ ಬಾಯಿ ಒಣಗಿಸಿಕೊಂಡಿದ್ದೇನೆ. ಅಂದಿನವರು ದೇವಸ್ಥಾನಕ್ಕೆ ಸುಂಕ ಬಿಟ್ಟರೆ ಕಲ್ಲಿನ ಮೇಲೆ ಕೊರೆಯಿಸುತ್ತಿದ್ದರು. ಅದಕ್ಕೆ ತಪ್ಪಿದವನಿಗೆ ಶಾಪವನ್ನೂ ಕೆಳಗೇ ಕೊರೆಯಿಸುತ್ತಿದ್ದರು. ಆದರೆ ನಮ್ಮ ಕಾಲದ ಸುಂಕಶಾಸನವನ್ನು, ಎಂದರೆ ಜಿ.ಎಸ್.ಟಿ.ಯ ದರಪಟ್ಟಿಯನ್ನು, ನಾನು ಕುಳಿತು ಓದುವಂತೆ ಮಾಡಿದ್ದು ನನ್ನ ತಾಯಿಯ ಬೆರಳು.

ಸಕ್ಕರೆ ಕಾಯಿಲೆ ನಮ್ಮ ಮನೆಗೆ ಪಿತ್ರಾರ್ಜಿತ. ನನ್ನ ತಾತ ಬೆಳಗಾದರೆ ಬಚ್ಚಲ ಮನೆಯ ಬಾಗಿಲಲ್ಲಿ ಸ್ಪಿರಿಟ್ ದೀಪ ಹಚ್ಚಿಕೊಂಡು ಕೂರುತ್ತಿದ್ದರು. ಗಾಜಿನ ನಳಿಗೆಯಲ್ಲಿ ನೀಲಿಯ ಬೆನೆಡಿಕ್ಟ್ ದ್ರಾವಣ, ಅದಕ್ಕೆ ಎಂಟು ತೊಟ್ಟು ಮೂತ್ರ. ಕುದಿಸಿದಾಗ ನೀಲಿ ನೀಲಿಯಾಗಿಯೇ ಉಳಿದರೆ ತಾತ ಪ್ರಸನ್ನ. ಹಸಿರಾದರೆ ಮೌನ. ಇಟ್ಟಿಗೆಯ ಕೆಂಪಾದರೆ ಅಂದು ಯಾರೂ ಅವರ ಬಳಿ ಸುಳಿಯುತ್ತಿರಲಿಲ್ಲ. ಆದರೆ ಆ ನಳಿಗೆ ಹೇಳುತ್ತಿದ್ದುದು ಹಳೆಯ ಸುದ್ದಿ, ಮೂತ್ರಕ್ಕೆ ಇಳಿದುಹೋದ ಸಕ್ಕರೆಯ ಸುದ್ದಿ. ರಕ್ತದಲ್ಲಿ ಸಕ್ಕರೆ ಕುಸಿದರೆ ಅದು ನೀಲಿಯಾಗಿಯೇ ನಗುತ್ತಿತ್ತು.

ತಾಯಿಯ ಕಾಲಕ್ಕೆ ಗ್ಲೂಕೋಮೀಟರು ಬಂದಿದೆ. ಒಂದು ಸಲ ಕೊಂಡರೆ ವರ್ಷಗಟ್ಟಲೆ ಬಾಳುವ ಆ ಯಂತ್ರದ್ದು ತೊಂದರೆಯಿಲ್ಲ. ಪ್ರತಿಸಲವೂ ಹೊಸದಾಗಿ ಬೇಕಾಗುವ ಸ್ಟ್ರಿಪ್ಪಿನದೇ ಖರ್ಚು. ಅಮ್ಮ ಅದನ್ನು ಕಡ್ಡಿ ಎನ್ನುತ್ತಾಳೆ. ಇನ್ಸುಲಿನ್ ತೆಗೆದುಕೊಳ್ಳುವವಳು, ದಿನವೂ ನೋಡಿಕೊಳ್ಳಬೇಕೆಂದು ವೈದ್ಯರು ಹೇಳಿದ್ದಾರೆ. ಅವಳು ನೋಡಿಕೊಳ್ಳುವುದು ಸೋಮವಾರ ಮತ್ತು ಶುಕ್ರವಾರ. “ಅಲ್ಲ ಕಣೋ, ಬೆಂಕಿಕಡ್ಡಿ ಆದರೆ ದೀಪವಾದರೂ ಹತ್ತುತ್ತೆ. ಇದು ಗೀಚಿದರೆ ಇಪ್ಪತ್ತು ರೂಪಾಯಿ ಹೋಯಿತು” ಎನ್ನುತ್ತಾಳೆ. ಇಡೀ ಸಂಸಾರವನ್ನು ಒಂದು ಸಂಬಳದಲ್ಲಿ ತೂಗಿಸಿದ ಹೆಂಗಸಿನ ಲೆಕ್ಕವದು, ವಾದಿಸಿ ಗೆಲ್ಲುವಂಥದಲ್ಲ. ಮಾತ್ರೆ ಬಿಟ್ಟರೆ ಮೈ ಹೇಳುತ್ತದೆ, ಊಟ ಬಿಟ್ಟರೆ ಹೊಟ್ಟೆ ಹೇಳುತ್ತದೆ. ಪರೀಕ್ಷೆ ಬಿಟ್ಟರೆ ಯಾರೂ ಏನೂ ಹೇಳುವುದಿಲ್ಲ. ಆದ್ದರಿಂದ ಕೈ ಬಿಗಿಯಾದಾಗ ಮೊದಲು ಬಿಡುವುದು ಅದನ್ನೇ.

ಹೋದ ವರ್ಷ ಒಂದು ರಾತ್ರಿ, ಎರಡು ಗಂಟೆಯ ಸಮಯ, ಅಮ್ಮ ಎದ್ದು ಕುಳಿತಿದ್ದಳು. ಸೀರೆ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ. ನನ್ನ ಹೆಂಡತಿ ಬೆರಳು ಚುಚ್ಚಿ ನೋಡಿದರೆ 54. ಎಪ್ಪತ್ತಕ್ಕೆ ಕೆಳಗಿಳಿಯಬಾರದು ಎಂದು ವೈದ್ಯರು ಹೇಳಿದ್ದರು. ಸಕ್ಕರೆ ನೀರು ಕುಡಿಸಿದೆವು. ಕಾಲು ಗಂಟೆಯ ಮೇಲೆ ಮತ್ತೊಂದು ಕಡ್ಡಿ: 83. “ಎರಡು ಖರ್ಚು ಮಾಡಿದಿರಾ?” ಎಂದಳು. ಅವಳು ಅವಳಾದಳೆಂದು ನಮಗೆ ಗೊತ್ತಾದದ್ದು ಆಗಲೇ.

ಈಗ ಸುಂಕದ ವಿಷಯ. ಪ್ರಯೋಗಾಲಯಕ್ಕೆ ಹೋಗಿ ರಕ್ತ ಕೊಟ್ಟರೆ ಆ ಬಿಲ್ಲಿಗೆ ತೆರಿಗೆಯಿಲ್ಲ; ರೋಗಪರೀಕ್ಷೆ ವೈದ್ಯಸೇವೆಯೆಂದು ಕಾನೂನು ಅದನ್ನು ಬಿಟ್ಟಿದೆ. ಅದೇ ರಕ್ತವನ್ನು ಮನೆಯಲ್ಲಿ ನೋಡಿಕೊಂಡರೆ ಅದು ಸೇವೆಯಲ್ಲ, ಸರಕು. 2017ರ ಜುಲೈ 1ರಿಂದ ಸ್ಟ್ರಿಪ್ಪಿಗೆ ನೂರಕ್ಕೆ 12, ಜ್ವರ ನೋಡುವ ಥರ್ಮಾಮೀಟರಿಗೆ 18. ಬೆಳಕು ಹರಿದ ಮೇಲೆ ಬಾಗಿಲು ತೆಗೆಯುವ ಪ್ರಯೋಗಾಲಯಕ್ಕೆ ಮಾಫಿ, ರಾತ್ರಿ ಎರಡು ಗಂಟೆಗೆ ಒದಗಿದ ಕಡ್ಡಿಗೆ ಸುಂಕ! ನಮ್ಮ ನೆರೆಯ ಬಳೇಪೇಟೆಯಲ್ಲಿ ಗಾಜಿನ ಬಳೆಗೆ ತೆರಿಗೆಯಿಲ್ಲ, ಕುಂಕುಮಕ್ಕೆ ಇಲ್ಲ, ಅದು ಸಂತೋಷವೇ. ಗರ್ಭ ನಿಲ್ಲದಿರಲೆಂದು ಕೊಳ್ಳುವ ಸಾಧನಕ್ಕೂ ಇಲ್ಲ. ನಿಂತಿದೆಯೇ ಎಂದು ನೋಡುವ ಕಡ್ಡಿಗೆ ಮಾತ್ರ ಉಂಟು. ಇದರ ತರ್ಕವನ್ನು ವ್ಯಾಕರಣ ಓದಿದ ನಾನು ಬಿಡಿಸಲಾರೆ.

ಮನಸ್ಸು ಮಾಡಿದರೆ ಸುಂಕ ಇಳಿಯುತ್ತದೆಂಬುದಕ್ಕೆ ಸಾಕ್ಷಿಯಿದೆ. ಕೋವಿಡ್ಡಿನ ಕಾಲದಲ್ಲಿ, 2021ರ ಜೂನ್ 12ರಂದು, ಜಿ.ಎಸ್.ಟಿ. ಮಂಡಳಿ ಕೋವಿಡ್ ಪರೀಕ್ಷೆಯ ಕಿಟ್ಟು, ಆಕ್ಸಿಮೀಟರು, ಮೈ ಬಿಸಿ ನೋಡುವ ಉಪಕರಣ, ಎಲ್ಲವನ್ನೂ ನೂರಕ್ಕೆ 5ಕ್ಕೆ ಇಳಿಸಿತು. ವಾಯಿದೆ ಮಾತ್ರ ಸೆಪ್ಟೆಂಬರ್ 30ರವರೆಗೆ. ರೋಗ ಅಷ್ಟು ಶಿಸ್ತಿನದಾಗಿರಲಿಲ್ಲ. ಮುಂದಿನ ಜನವರಿಯಲ್ಲಿ ಮತ್ತೆ ಬಂದಿತು. ಆಮೇಲೆ 2025ರ ಸೆಪ್ಟೆಂಬರ್ 22ರಿಂದ ಗ್ಲೂಕೋಮೀಟರು, ಸ್ಟ್ರಿಪ್ಪು, ಪರೀಕ್ಷೆಯ ಕಿಟ್ಟುಗಳು, ಥರ್ಮಾಮೀಟರು ಎಲ್ಲಕ್ಕೂ ನೂರಕ್ಕೆ 5 ಆಯಿತು, ಈ ಸಲ ವಾಯಿದೆಯಿಲ್ಲದೆ.

ಐದೂ ಏಕೆ ಬೇಕು ಎಂದು ನಮ್ಮ ಬೀದಿಯ ಔಷಧದಂಗಡಿಯ ಶೆಟ್ಟರನ್ನು ಕೇಳಿದೆ. ಅಮೆರಿಕದ ಟೆಕ್ಸಾಸಿನಲ್ಲಿ ಈ ಸ್ಟ್ರಿಪ್ಪಿಗೆ ಮಾರಾಟ ತೆರಿಗೆಯೇ ಇಲ್ಲವೆಂದು ಓದಿದ್ದನ್ನೂ ಸೇರಿಸಿದೆ. ಶೆಟ್ಟರು ಕನ್ನಡಕ ತೆಗೆದಿಟ್ಟರು.

“ಮೇಷ್ಟ್ರೇ, ಪೂರ್ತಿ ಮಾಫಿ ಅಂದ್ರೆ ಬರೀ ಬೆಲ್ಲ ಅಂದ್ಕೋಬೇಡಿ. ತಯಾರು ಮಾಡೋನು ಕೊಂಡ ರಾಸಾಯನಿಕಕ್ಕೆ, ಪ್ಲಾಸ್ಟಿಕ್ಕಿಗೆ, ಡಬ್ಬಿಗೆ ಎಲ್ಲಕ್ಕೂ ಸುಂಕ ಕಟ್ಟಿರ್ತಾನೆ. ಮಾಲಿನ ಮೇಲೆ ಐದು ಇದ್ರೆ ಕಟ್ಟಿದ್ದನ್ನ ಅದರಲ್ಲಿ ವಜಾ ಹಾಕ್ಕೋತಾನೆ. ಐದೂ ಹೋದ್ರೆ ವಜಾ ಹಾಕೋದು ಎಲ್ಲಿ? ಸದ್ದಿಲ್ಲದೆ ಬೆಲೆಯೊಳಗೇ ಸೇರಿಸ್ತಾನೆ.”

ಮಾತು ಸುಳ್ಳಲ್ಲ. ಹಾಗಾದರೆ ಪರದೇಶಕ್ಕೆ ಹೋಗುವ ಮಾಲಿನ ಗತಿ ಏನು ಎಂದೆ. “ಅದಕ್ಕೆ ಸುಂಕವೂ ಇಲ್ಲ, ಕಟ್ಟಿದ್ದೂ ವಾಪಸು ಬರುತ್ತೆ. ಅದು ಬೇರೆ” ಎಂದರು. ನನಗೆ ಬೇಕಾದದ್ದು ಅದೇ. ದಾರಿ ಕಾನೂನಿನಲ್ಲೇ ಇದೆ. ಹಡಗು ಹತ್ತಿ ಹೋಗುವ ಕಡ್ಡಿಗೆ ಸಲ್ಲುವ ಮರ್ಯಾದೆ ನಗರ್ತಪೇಟೆಯ ಮೆಟ್ಟಿಲು ಹತ್ತಿ ಬರುವ ಕಡ್ಡಿಗೂ ಸಲ್ಲಲಿ ಎಂದು ಕೇಳುವುದು ಅತಿಯಾಸೆಯೆಂದು ನನಗೆ ತೋರುವುದಿಲ್ಲ. ಶೆಟ್ಟರು ನಕ್ಕು, “ಅರ್ಜಿ ಬರೀರಿ, ನಿಮ್ಮ ಕನ್ನಡ ಚೆನ್ನಾಗಿದೆ” ಎಂದರು. ಹೊಗಳಿಕೆಯೋ ಬೇರೆಯೋ ತಿಳಿಯಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಲೆಕ್ಕ ಒಪ್ಪಿಸಿದೆ. ಐವತ್ತು ಕಡ್ಡಿಯ ಡಬ್ಬಿ ಮೊದಲು ತೆರಿಗೆ ಸೇರಿ ಸಾವಿರ ರೂಪಾಯಿ ಇದ್ದರೆ, ಇಳಿಸಿದ್ದು ಪೂರ್ತಿ ನಮಗೆ ತಲುಪಿದ ಪಕ್ಷದಲ್ಲಿ, ಈಗ 937 ರೂಪಾಯಿ 50 ಪೈಸೆ. ಅದರಲ್ಲಿ ಇನ್ನೂ ಸುಮಾರು 45 ರೂಪಾಯಿ ತೆರಿಗೆ. ಅವಳು ಕಣ್ಣು ಮುಚ್ಚಿ ಬೆರಳು ಮಡಿಚಿದಳು.

“ಉಳಿದಿದ್ದು ಮೂರು ಕಡ್ಡಿ. ಇನ್ನು ಬುಧವಾರವೂ ನೋಡಿಕೋಬಹುದು” ಎಂದಳು. ಆಮೇಲೆ ಸ್ವಲ್ಪ ತಡೆದು, “ಆ ನಲವತ್ತೈದು ಅಂದರೆ ಮತ್ತೆ ಎರಡು ಕಡ್ಡಿ ಆಯಿತಲ್ಲೋ, ಸರ್ಕಾರಕ್ಕೂ ಸಕ್ಕರೆ ಕಾಯಿಲೆಯೇ?”