ಗೆದ್ದ ಶೇಂಗಾ

2024ರ ನಾಗರ ಪಂಚಮಿಗೆ ಹೆಂಡತಿಯ ತವರಿಗೆ ಹೋಗಿದ್ದೆ. ಯಲಬುರ್ಗಾ ಸೀಮೆಯ ಊರು, ಮಳೆ ಬಂದರೆ ಬೆಳೆ. ನಾನೋ ಗಂಗಾವತಿಯವನು, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನವನು. ಎರಡು ಬೆಳೆ ಭತ್ತ ಕಂಡವರಿಗೆ ಎರಿಹೊಲದವರ ಮುಂದೆ ಒಂದಿಷ್ಟು ಠೇಂಕಾರ ತಾನಾಗಿಯೇ ಬರುತ್ತದೆ. ಅದರಲ್ಲೂ ಅಳಿಯ!

ಹಬ್ಬದ ಮರುದಿನ ಮಧ್ಯಾಹ್ನ, ಉಂಡಿ ತಿಂದು ಹೊಟ್ಟೆ ಭಾರವಾಗಿದ್ದಾಗ, ಹೆಂಡತಿಯ ಅಜ್ಜಿ ಅಳಗುಳಿ ಮಣೆ ಇಳಿಸಿದಳು. ಏಳೇಳರ ಎರಡು ಸಾಲು, ಗುಳಿಗೆ ಐದರಂತೆ 70 ಬೀಜ ಬೇಕು. ಹುಣಸೆ ಬೀಜದ ಡಬ್ಬಿ ಸಿಗಲಿಲ್ಲ. ಉಂಡಿಗೆ ಹುರಿದು ಮಿಕ್ಕಿದ್ದ ಶೇಂಗಾ ಬುಟ್ಟಿಯಲ್ಲಿತ್ತು. ಇದರಲ್ಲೇ ಆಡೋಣ ಅಂದೆ.

"ತಿನ್ನೂ ಕಾಳಿನ್ಯಾಗ ಆಟ ಬ್ಯಾಡೋ ತಮ್ಮಾ" ಅಂದಳು ಅಜ್ಜಿ. ನಾನು ನಕ್ಕೆ.

ಅವತ್ತು ನನ್ನ ಕೈ ಚೆನ್ನಾಗಿ ನಡೆಯಿತು. ಒಂದು ಗುಳಿ ಎತ್ತಿ ಒಂದೊಂದೇ ಕಾಳು ಬಿಡುತ್ತ ಹೋಗುವುದು, ಕೈ ಬರಿದಾದರೆ ಮುಂದಿನ ಗುಳಿ ಎತ್ತುವುದು, ಆ ಗುಳಿ ಖಾಲಿಯಿದ್ದರೆ ಅದರಾಚೆಯದನ್ನು ಬಾಚಿಕೊಳ್ಳುವುದು. ಬಾಚಿ ಬಾಚಿ 43 ಮಾಡಿಕೊಂಡೆ, ಅಜ್ಜಿಗೆ 27. ಆಮೇಲೆ ಭಾಷಣ ಶುರುವಾಯಿತು. ಹಂಪಿಯ ಮಂಟಪಗಳ ನೆಲದಲ್ಲೂ ಇಂಥ ಮಣೆ ಕೊರೆದಿದ್ದಾರೆ, ಇದು ಬರೀ ಹೆಂಗಸರ ಹೊತ್ತುಗಳೆಯುವ ಆಟವಲ್ಲ, ಲೆಕ್ಕದ ಆಟ, ಇತ್ಯಾದಿ. ಸುತ್ತ ಕೂತವರು ಹೂಂ ಅನ್ನುತ್ತಿದ್ದರು. ಕೆಲವರು ಮುಸಿಮುಸಿ ನಗುತ್ತಲೂ ಇದ್ದರು. ಮೆಚ್ಚಿದ್ದಾರೆ ಅಂದುಕೊಂಡೆ.

"ಗುಳಿ ತುಂಬಪಾ" ಅಂದಳು ಅಜ್ಜಿ.

ಮುಂದಿನ ಸುತ್ತಿಗೆ ಗೆದ್ದ ಕಾಳಿನಿಂದಲೇ ನಮ್ಮ ನಮ್ಮ ಗುಳಿ ತುಂಬಬೇಕು, ತುಂಬದ ಗುಳಿ ಆಟಕ್ಕಿಲ್ಲ. ಅವಳು ಐದು ತುಂಬಿ ಕೂತಳು. ನಾನು ಮೂರು ತುಂಬಿದೆ, ಅಂಗೈಯಲ್ಲಿ ಎರಡು ಕಾಳು ಉಳಿದವು. ತೊಡೆಯ ಪಕ್ಕ ತಡಕಿದೆ, ಚಾಪೆ ಎತ್ತಿ ನೋಡಿದೆ. ಸಿಕ್ಕಿದ್ದು ಸಿಪ್ಪೆ.

"ಬಿತ್ತೂ ಕಾಳ ತಿಂದ ಕುಂತಾನ!" ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. 26 ಕಾಳು ಹೊಟ್ಟೆಯಲ್ಲಿತ್ತು.

ಹಸಿವಿರಲಿಲ್ಲ, ಅದೇ ನನಗೆ ಸೋಜಿಗ. ಸೋಲುತ್ತಿದ್ದರೆ ಒಂದು ಕಾಳೂ ಬಾಯಿಗೆ ಹೋಗುತ್ತಿರಲಿಲ್ಲ, ಎಣಿಸಿ ಎಣಿಸಿ ಇಡುತ್ತಿದ್ದೆ. ಸಂಬಳ ಬಂದ ವಾರವೂ ನಾನು ಹೀಗೇ ಅಂತ ಹೆಂಡತಿ ಹೇಳುತ್ತಾಳೆ, ಅದು ಬೇರೆ ಮಾತು. ಆ ಮನೆಯ ತೊಲೆಗೆ ಬೀಜದ ಗಂಟು ಕಟ್ಟಿ ತೂಗುಬಿಟ್ಟಿದ್ದರು. ಎಷ್ಟು ಸಲ ಅದರ ಕೆಳಗೇ ಮಲಗೆದ್ದಿದ್ದೇನೆ, ಏನದು ಅಂತ ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ಫೋನುಗಳು ಒಂದೇ ಸಮನೆ ಬಡಿದುಕೊಂಡವು. ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ, ಗೇಟೇ ಕೊಚ್ಚಿಹೋಗಿತ್ತು. ತುಂಬಿದ ಡ್ಯಾಮಿನ ನೀರು ಹೊಳೆಗೆ ಹರಿಯುತ್ತಿತ್ತು. ಹಿಂದಿನ ದಿನ ನಕ್ಕವರ್‍ಯಾರೂ ನಗಲಿಲ್ಲ.

"ನಿಮ್ಮ ಗದ್ದಿಗೆ ನೀರು ಉಳಿತಾವೇನಪಾ?" ಅಜ್ಜಿ ಅಷ್ಟೇ ಕೇಳಿದಳು. ಶೇಂಗಾದ ಮಾತೆತ್ತಿ ಒಮ್ಮೆ ಕಾಲೆಳೆದಿದ್ದರೂ ಚೆನ್ನಾಗಿತ್ತು ಅನ್ನಿಸಿತು.

ಸಂಜೆ ಹುಣಸೆ ಬೀಜದ ಡಬ್ಬಿ ಸಿಕ್ಕಿತು. ಮಣೆ ಯಾರೂ ಇಳಿಸಲಿಲ್ಲ.