ಬಾಣಂತನಕ್ಕೆ ಹೋದವಳು ಸರಳೆ ಕಲಿತೆ

‘ಮಗಳ ಬಾಣಂತನಕ್ಕೆಂದು ಹೋದವಳು ಪಿಯಾನೋ ಕಲಿತು ಬಂದಿದ್ದಾಳಂತೆ!’ ನಮ್ಮ ಬೀದಿಯಲ್ಲಿ ಈಗ ಇದೇ ಮಾತು. ನಗಬೇಡಿ ಸೋದರಿಯರೇ, ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ನಾನು ಕಲಿತದ್ದು ಆರೋಹಣ, ಅವರೋಹಣ ಅಷ್ಟೇ. ಅದೂ ಗ್ರೀಸ್ ದೇಶದ ಜನಪದ ಸಂಗೀತದ್ದು.

ನನ್ನ ಅಳಿಯನಿಗೆ ಅಥೆನ್ಸಿನಲ್ಲಿ ಕೆಲಸ. ತೊಂಬತ್ತು ದಿನದ ವೀಸಾ ಸಿಕ್ಕಿತು. ಅಂಟಿನುಂಡೆ, ಮೆಂತ್ಯದ ಹಿಟ್ಟು, ಸಾರಿನ ಪುಡಿ ಎಲ್ಲ ಕಟ್ಟಿಕೊಂಡು ಹೊರಟೆ. ಅವರ ಮನೆ ಇರುವ ಬಡಾವಣೆಯ ಹೆಸರು ನೇಆ ಸ್ಮಿರ್ನಿ. ಹೊಸ ಸ್ಮಿರ್ನಾ ಎಂದರ್ಥ. ಹಳೆಯ ಸ್ಮಿರ್ನಾ ಈಗ ಟರ್ಕಿಯ ಇಜ್ಮಿರ್. 1922ರಲ್ಲಿ ಯುದ್ಧ, ಬೆಂಕಿಗಳಿಗೆ ಸಿಕ್ಕಿ ಅಲ್ಲಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದ ಗ್ರೀಕರು ಕಟ್ಟಿಕೊಂಡ ಜಾಗವಿದು. ಕೆಳಗಿನ ಮನೆಯಲ್ಲಿದ್ದ ವೃದ್ಧೆಯ ಅಜ್ಜಿಯೂ ಹಾಗೆ ಬಂದವರೇ. ಅಜ್ಜಿಗೆ ಅಲ್ಲಿ ‘ಯಾಯಾ’ ಅನ್ನುತ್ತಾರೆ. ನಾವೂ ಆಕೆಯನ್ನು ಹಾಗೇ ಕರೆದೆವು.

ಒಂದು ಮಧ್ಯಾಹ್ನ ಮಗು ಮಲಗಿತ್ತು. ಸಜ್ಜಿಗೆ ಮಾಡಿದ್ದೆ, ಒಂದು ಬಟ್ಟಲು ಕೊಟ್ಟು ಬರೋಣವೆಂದು ಕೆಳಗಿಳಿದೆ. ಯಾಯಾ ಬಾಯಿಗಿಟ್ಟುಕೊಂಡು ‘ಹಲ್ವಾಸ್!’ ಎಂದು ನಕ್ಕರು. ಅವರೂ ರವೆಯಲ್ಲೇ ಮಾಡುತ್ತಾರಂತೆ. ತುಪ್ಪದ ಬದಲು ಆಲಿವ್ ಎಣ್ಣೆ, ಸಕ್ಕರೆ ಪಾಕ. ಆಮೇಲೆ ಪಿಯಾನೋ ಮುಂದೆ ಕೂತು, ಅಜ್ಜಿಯಿಂದ ಕಲಿತ ಹಾಡೆಂದು ಏನೋ ನುಡಿಸಿದರು. ನನಗೆ ಮೈ ಜುಮ್ಮೆಂದಿತು. ಆ ಸ್ವರಗಳು ನನಗೆ ಗೊತ್ತು! ಬಾಲ್ಯದಲ್ಲಿ ಬೆಳಗಿನ ಜಾವ ಮೇಷ್ಟ್ರು ಹೇಳಿಕೊಟ್ಟ ಸ ರಿ ಗ ಮ. ನಮ್ಮ ಮಾಯಾಮಾಳವಗೌಳ!

ಗ್ರೀಕರು ಇಂಥ ಸ್ವರಕ್ರಮಕ್ಕೆ ‘ದ್ರೋಮೋಸ್’ ಅನ್ನುತ್ತಾರೆ. ದ್ರೋಮೋಸ್ ಅಂದ್ರೆ ದಾರಿ. ಈ ದಾರಿಯ ಹೆಸರು ಹಿಜಾಸ್‌ಕಿಯಾರ್. ಸ್ಮಿರ್ನಾದ ನಿರಾಶ್ರಿತರು ತಂದ ಹಾಡುಗಳಿಂದ ಬೆಳೆದ ‘ರೆಬೆತಿಕೋ’ ಸಂಗೀತದಲ್ಲಿ ಇದು ಬಹಳ ಬಳಕೆ. ಆ ಸಂಗೀತವನ್ನು 2017ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೂ ಸೇರಿಸಿದೆ. ‘ಮಿಸಿರ್ಲೂ’ ಎಂಬ ಹಾಡೂ ಇದೇ ದಾರಿಯದು. 1927ರಲ್ಲೇ ಅದರ ಧ್ವನಿಮುದ್ರಿಕೆ ಬಂದಿತ್ತು. 1962ರಲ್ಲಿ ಡಿಕ್ ಡೇಲ್ ಎಂಬ ಅಮೆರಿಕನ್ನರು ಗಿಟಾರಿನಲ್ಲಿ ನುಡಿಸಿ ಅದನ್ನು ಜಗತ್ತಿಗೇ ಕೇಳಿಸಿದರು.

ನನ್ನ ಕಥೆ ಕೇಳಿ. ಹತ್ತೊಂಬತ್ತಕ್ಕೆ ಮದುವೆ. ಹೊಸದರಲ್ಲಿ ಒಂದು ಬೆಳಿಗ್ಗೆ ರಂಗೋಲಿ ಹಾಕುತ್ತಾ ಸರಳೆ ಗುನುಗಿಕೊಂಡೆ. ‘ಇದೇನು ಮನೆಯೋ, ನಾಟಕದ ಕಂಪನಿಯೋ?’ ಎಂದರು ಮಾವನವರು. ಅವರು ಕೆಟ್ಟವರೇನಲ್ಲ, ಕಾಲ ಹಾಗಿತ್ತು. ಅಂದು ಮುಚ್ಚಿದ ಬಾಯನ್ನು ಮತ್ತೆ ತೆರೆಯಲಿಲ್ಲ. ಶ್ರುತಿಪೆಟ್ಟಿಗೆ ಅಟ್ಟ ಸೇರಿತು.

ಯಾಯಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನನಗೆ ಗ್ರೀಕ್ ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರದೂ ಹರುಕುಮುರುಕು ಇಂಗ್ಲಿಷ್, ಉಳಿದದ್ದು ಕೈಸನ್ನೆ. ಮನೆಯಲ್ಲಿ ಮಕ್ಕಳ ಕೀಬೋರ್ಡ್ ಇದ್ದರೆ ನೀವೂ ನೋಡಿ. ಎರಡು ಕಪ್ಪು ಮನೆಗಳು ಜೊತೆಯಾಗಿರುವ ಕಡೆ, ಅವುಗಳ ಎಡಕ್ಕೆ ಅಂಟಿಕೊಂಡ ಬಿಳಿ ಮನೆಯೇ ಸ. ಅಲ್ಲಿಂದ ಮೇಲಿನ ಸ ತನಕ ಬರೀ ಬಿಳಿ ಒತ್ತಿದರೆ ಶಂಕರಾಭರಣ. ಅದರಲ್ಲಿ ರಿ ಮತ್ತು ದ ಮಾತ್ರ ಒಂದೊಂದು ಮನೆ ಹಿಂದಕ್ಕೆ, ಕಪ್ಪಿಗೆ ಇಳಿಸಿ. ಆಯಿತು ನೋಡಿ ಹಿಜಾಸ್‌ಕಿಯಾರ್! ನಿ ಯನ್ನೂ ಪಕ್ಕದ ಕಪ್ಪಿಗೆ ಇಳಿಸಿದರೆ ಅವರ ‘ಹಿಜಾಸ್’, ನಮ್ಮ ವಕುಳಾಭರಣ.

ಬೆರಳಿನದೇ ಕಷ್ಟ. ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಸ ರಿ ಗ. ಮ ಬಂದಾಗ ಹೆಬ್ಬೆರಳು ನಡುಬೆರಳಿನ ಕೆಳಗೆ ನುಸುಳಿ ಮುಂದೆ ಹೋಗಬೇಕು. ಚಕ್ಕುಲಿ ಒತ್ತಿ ಒರಟಾದ ಕೈ ನನ್ನದು, ಅದಕ್ಕೇ ಒಂದು ವಾರ ಹಿಡಿಯಿತು. ಪಿಯಾನೋದಲ್ಲಿ ಗಮಕವೂ ಬರುವುದಿಲ್ಲ. ಮನೆಗಳ ನಡುವೆ ಜಾರಲು ಜಾಗವೇ ಇಲ್ಲ. ‘ಇದು ಅರ್ಧ ಮೂಗ, ಉಳಿದರ್ಧ ಗಂಟಲಲ್ಲಿ ಬರಬೇಕು’ ಎಂದು ಯಾಯಾ ತಮ್ಮ ಕೊರಳು ಮುಟ್ಟಿ ತೋರಿಸಿದರು.

ಆಗ ನನಗೇ ತಿಳಿಯದಂತೆ ಹಾಡಿಬಿಟ್ಟೆ. ದನಿ ಒಡೆಯಿತು, ಆದರೆ ಶ್ರುತಿ ಸೇರಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮಗಳು, ಹೆಗಲ ಮೇಲೆ ಮಗು. ‘ಅಮ್ಮಾ, ನಿನಗೆ ಹಾಡೋಕೆ ಬರುತ್ತಾ? ನಾನು ಸಂಗೀತದ ಕ್ಲಾಸಿಗೆ ಹೋಗ್ತೀನಿ ಅಂತ ಅತ್ತಾಗ, ಅದರಿಂದ ಏನು ಬರುತ್ತೆ ಅಂತ ಲೆಕ್ಕದ ಟ್ಯೂಷನ್ನಿಗೆ ಹಾಕಿದೆಯಲ್ಲ!’ ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. ಮಾವನವರು ನನ್ನ ಬಾಯಿ ಮುಚ್ಚಿಸಿದರು ಅಂತ ಇಷ್ಟು ವರ್ಷ ಒಳಗೊಳಗೇ ನೊಂದವಳು, ಮಗಳ ಬಾಯಿ ಮುಚ್ಚಿಸಿದ್ದು ನಾನೇ ಅಲ್ಲವೇ? ‘ತಪ್ಪಾಯ್ತು ಕಣೇ’ ಎಂದೆ. ಅವಳು ಮಾತಾಡಲಿಲ್ಲ, ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ರಾತ್ರಿ ಪಾತ್ರೆ ಒರೆಸುವಾಗ ಮೆಲ್ಲಗೆ ಕೇಳಿದಳು, ‘ಆ ಮೊದಲನೇ ಸರಳೆ ಇನ್ನೊಂದ್ಸಲ ಹೇಳು.’

ಊರಿಗೆ ಬಂದ ಮೇಲೆ ಅಟ್ಟ ಹತ್ತಿದೆ. ಶ್ರುತಿಪೆಟ್ಟಿಗೆಯ ತಿದಿ ಹರಿದಿತ್ತು. ರಿಪೇರಿಗೆ ಕೊಟ್ಟು ತಂದೆ. ಈಗ ಭಾನುವಾರ ಸಂಜೆ ಫೋನಿನಲ್ಲಿ ಮಗಳಿಗೆ ಪಾಠ. ಅವಳು ತಾಳ ತಪ್ಪುತ್ತಾಳೆ, ನನ್ನ ದನಿ ನಡುಗುತ್ತದೆ. ನಮ್ಮವರು ಮಾತ್ರ ಪೇಪರ್ ಮಡಿಸಿಟ್ಟು ಕೇಳುತ್ತಾರೆ.

ನಿಮ್ಮ ಅಟ್ಟದ ಮೇಲೂ ಏನಾದರೂ ಇದ್ದೀತು. ನಾಳೆ ಅಡಿಗೆ ಮುಗಿದ ಮೇಲೆ ಒಮ್ಮೆ ಹತ್ತಿ ನೋಡಿ.