ಚಾಕುವಿನ ಮೇಲೊಂದು ಅಭಯಹಸ್ತ

ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಓದುತ್ತಿರುವ ನನ್ನ ತಂಗಿಯ ಮಗನು ರಜೆಗೆ ಊರಿಗೆ ಹೊರಡುವ ಮುನ್ನ, “ಮಾವ, ನಿಮಗೆ ಇಲ್ಲಿಂದ ಏನು ತರಲಿ?” ಎಂದು ಕೇಳಿದಾಗ, ಅತ್ತರು, ಚಾಕಲೇಟು ಮೊದಲಾದ ಸಂಪ್ರದಾಯಬದ್ಧ ವಸ್ತುಗಳ ಹೆಸರು ಬಾಯಿಗೆ ಬಾರದೆ, “ಜೇಬಿನಲ್ಲಿಡುವಂಥ ಮಡಚುಚಾಕು ಒಂದನ್ನು ತಾ” ಎಂಬ ಮಾತು ತಾನಾಗಿ ಹೊರಟುಹೋಯಿತು. ಎಂಥದ್ದೆಂದು ಅವನು ವಿಚಾರಿಸಿದನು. “ನೋಡಿದವರು ಇದೆಲ್ಲಿಯದೆಂದು ಕೇಳಬೇಕು, ಆದರೆ ಮಾವಿನಕಾಯಿಯ ಮುಂದೆ ಮಾನ ಕಳೆಯಬಾರದು” ಎಂದೆನು. “ಎರಡೂ ಒಟ್ಟಿಗೆ ಸಿಕ್ಕೋದು ಕಷ್ಟ ಮಾವ” ಎಂದು ನಕ್ಕು, ಅಂಗಡಿಯಲ್ಲಿ ಕಂಡ ಕೆಲವು ಚಾಕುಗಳ ಚಿತ್ರಗಳನ್ನು ಕಳುಹಿಸಿಕೊಟ್ಟನು.

ಕಣ್ಣಿಗೆ ವಿಶಿಷ್ಟವಾಗಿ ಕಾಣುವುದು, ಕೈಗೆ ಸಕಾಲದಲ್ಲಿ ಒದಗುವುದು ಎಂಬ ಈ ಎರಡು ಗುಣಗಳು ಒಂದೇ ಚಾಕುವಿನಲ್ಲಿ ನೆಲೆಸುವುದು ದುರ್ಲಭವೆಂಬುದು ನನಗೇನೂ ಹೊಸ ವಿಷಯವಲ್ಲ. ನಮ್ಮಣ್ಣನು ಜಾತ್ರೆಯಲ್ಲಿ ಹಟಹಿಡಿದು ಕೊಂಡುತಂದ ಚಾಕು ಮೀನಿನ ಆಕಾರದ ಹಿತ್ತಾಳೆಯ ಹಿಡಿಯುಳ್ಳದ್ದು. ಅದಕ್ಕೆ ಹುರುಪೆಗಳಿದ್ದುವು, ಕೆಂಪುಗಾಜಿನ ಕಣ್ಣಿತ್ತು, ಸೊಗಸಾದ ಬಾಲವಿತ್ತು; ಹರಿತವೊಂದೇ ಇರಲಿಲ್ಲ. ಸೀಬೆಹಣ್ಣನ್ನು ಅದು ಕತ್ತರಿಸುತ್ತಿರಲಿಲ್ಲ. ಬಹಳ ಹೊತ್ತು ಮನವೊಲಿಸಿ ಎರಡು ಹೋಳಾಗಲು ಒಪ್ಪಿಸುತ್ತಿತ್ತು. ಶಾನುಭೋಗಿಕೆ ಮಾಡಿದ್ದ ನಮ್ಮಜ್ಜನ ಶೆಫೀಲ್ಡ್ ಚಾಕುವಾದರೋ, ಮೂಳೆಯ ಹಿಡಿ ಹಳದಿಗಟ್ಟಿ, ಮಸೆದು ಮಸೆದು ಅಲಗು ಸವೆದಿದ್ದರೂ, ಲಾಳದ ಕಡ್ಡಿಯ ಲೇಖನಿಯನ್ನು ಸೀಳುವುದಕ್ಕೂ, ವೀಳ್ಯದೆಲೆಯ ತೊಟ್ಟು ತೆಗೆಯುವುದಕ್ಕೂ, ದಾಸವಾಳದ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ನೆಡುವುದಕ್ಕೂ ಏಕಪ್ರಕಾರವಾಗಿ ಒದಗುತ್ತಿತ್ತು. ಆದರೆ ದಾರಿಯಲ್ಲಿ ಬಿದ್ದಿದ್ದರೆ ಅದನ್ನು ಬಗ್ಗಿ ನೋಡುವವರಿರಲಿಲ್ಲ.

ಇವೆರಡನ್ನೂ ಸಮನ್ವಯಗೊಳಿಸಿದವರು ನಮ್ಮ ದೇಶದಲ್ಲಿಯೇ ಇದ್ದರು. ಓಲೆಗರಿಯ ಕಾಲದಲ್ಲಿ ದಕ್ಷಿಣದ ಲಿಪಿಕಾರರು ಬಳಸುತ್ತಿದ್ದ ಮಡಚುವ ಕಂಟವೊಂದುಂಟು. ಗರಿಯ ಅಂಚನ್ನು ಸವರುವ ಅಲಗೊಂದು, ಅಕ್ಷರವನ್ನು ಕೊರೆಯುವ ಉಕ್ಕಿನ ಮೊನೆಯೊಂದು, ಎರಡೂ ಒಂದೇ ಹಿಡಿಯೊಳಗೆ ಮಡಚಿಕೊಂಡು ಮಲಗುತ್ತಿದ್ದುವು. ಅದನ್ನು ಬಿಚ್ಚಿಟ್ಟರೆ ಹಾರಲು ಸಿದ್ಧವಾದ ಯಾವುದೋ ಪಕ್ಷಿಯೆಂಬ ಭ್ರಾಂತಿ ಉಂಟಾಗುವುದಾದರೂ, ಆ ರೂಪದಲ್ಲಿ ಒಂದೆಳೆಯೂ ಅಲಂಕಾರಕ್ಕಾಗಿ ಬಂದುದಲ್ಲ. ಕಾಗದ ಬಂದು ಗರಿ ಹೋಯಿತು. ಗರಿಯೊಡನೆ ಆ ಚಾಕುವೂ ಹೋಯಿತು.

ಚಿತ್ರಗಳತ್ತ ಬರೋಣ. ಮೊದಲನೆಯದು ಸ್ವಿಸ್ ಸೈನಿಕರ ಕೆಂಪು ಚಾಕುವಿನ ಮನೆತನದ್ದು. 1891ರಲ್ಲಿ ಕಾರ್ಲ್ ಎಲ್ಸನರನು ತನ್ನ ದೇಶದ ಸೈನ್ಯಕ್ಕೆ ಒದಗಿಸತೊಡಗಿದ ಸಾಧು ಸಾಧನದಿಂದ ಹೊರಟ ಈ ವಂಶ, ಕಾಲಕ್ರಮದಲ್ಲಿ ಗರಗಸ, ಕತ್ತರಿ, ಬಿರಡೆಸುರುಳಿ, ಭೂತಗನ್ನಡಿಗಳನ್ನೆಲ್ಲ ದತ್ತು ತೆಗೆದುಕೊಂಡು, ಚಾಕುವೆನ್ನುವುದಕ್ಕಿಂತ ಮಡಚಿಟ್ಟ ಕಾರ್ಖಾನೆಯೆನ್ನುವಷ್ಟು ಬೆಳೆದಿದೆ. ಹೀಗೆ ಅಲಗುಗಳನ್ನು ಪೇರಿಸುವ ಚಪಲಕ್ಕೆ ಪರಮಾವಧಿಯನ್ನು ಕಾಣಬೇಕಾದವರು ನಮ್ಮಜ್ಜನ ಚಾಕುವಿನ ತೌರೂರಾದ ಶೆಫೀಲ್ಡನ್ನೇ ನೆನೆಯಬೇಕು: ಅಲ್ಲಿನ ಜೋಸೆಫ್ ರಾಜರ್ಸ್ ಕಂಪನಿಯವರು 1822ನೆಯ ಇಸವಿಯ ಗೌರವಾರ್ಥವಾಗಿ 1822 ಅಲಗುಗಳ ಒಂದು ಚಾಕುವನ್ನು ರಚಿಸಿ, ವರ್ಷಗಳು ಉರುಳಿದಂತೆ ಅದಕ್ಕೆ ಇನ್ನಷ್ಟು ಅಲಗುಗಳನ್ನು ಸೇರಿಸುತ್ತ ಹೋದರು. ಅದನ್ನು ಇಡಬಲ್ಲ ಜೇಬು ಮಾತ್ರ ಇನ್ನೂ ಹೊಲಿಯಲ್ಪಟ್ಟಿಲ್ಲ.

ಎರಡನೆಯದು ಲಾಗ್ಯೋಲ್. ತನ್ವಂಗಿಯಾದ ಚಾಕು, ಹಿಡಿಯ ಬೆನ್ನಿನ ಮೇಲೆ ಲೋಹದ ಜೇನುನೊಣ. ಆ ನೊಣವನ್ನು ನೆಪೋಲಿಯನ್ ಚಕ್ರವರ್ತಿಯೇ ಮೆಚ್ಚಿ ದಯಪಾಲಿಸಿದನೆಂದು ಮಾರುವವರು ಹೇಳುವುದುಂಟು. ಆದರೆ ಆ ಚಾಕು ಹುಟ್ಟಿದುದೇ ಚಕ್ರವರ್ತಿ ತೀರಿಕೊಂಡ ಮೇಲೆ, ನೊಣವು ಬಂದು ಕುಳಿತದ್ದಂತೂ 20ನೆಯ ಶತಮಾನದ ಆರಂಭದಲ್ಲಿ. ಚೆಲುವಿಗೆ ವಂಶಾವಳಿಯನ್ನು ಕಟ್ಟಿ ಹೇಳಬೇಕಾಗಿ ಬಂದಾಗ ನನಗೆ ಸ್ವಲ್ಪ ಸಂಕೋಚವಾಗುತ್ತದೆ.

ಮೂರನೆಯ ಚಿತ್ರದಲ್ಲಿ ಒಂದು ಮರದ ಹಿಡಿ, ಒಂದು ಅಲಗು, ಒಂದು ಉಂಗುರ, ಅಷ್ಟೇ. ಇದೇ ಓಪಿನೆಲ್. ಆಲ್ಪ್ಸ್ ಪರ್ವತಗಳ ನಡುವೆ ಸವಾಯ್ ಪ್ರಾಂತದ ಮೋರಿಯೆನ್ ಕಣಿವೆಯಲ್ಲಿ, ಕೊಡಲಿ ಕುಡುಗೋಲುಗಳನ್ನು ಬಡಿಯುವ ಕುಲುಮೆಯಲ್ಲಿ ಬೆಳೆದ ಜೋಸೆಫ್ ಓಪಿನೆಲನು, 1890ರಲ್ಲಿ, ಹದಿನೆಂಟರ ಹರೆಯದಲ್ಲಿ, ರೈತರಿಗಾಗಿ ಇದನ್ನು ಮಾಡಿದನು. 1897ರ ಹೊತ್ತಿಗೆ ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಹೊತ್ತ ಹನ್ನೆರಡು ಅಳತೆಗಳಾದುವು. ಇಷ್ಟು ಸರಳವಾದುದರಲ್ಲಿ ವಿಶಿಷ್ಟವಾದುದೇನೆಂದು ಚಿತ್ರವನ್ನು ಹಿಗ್ಗಿಸಿ ನೋಡುತ್ತಿರುವಾಗ ಅಲಗಿನ ಮೇಲೆ ಅಚ್ಚೊತ್ತಿದ ಒಂದು ಚಿಹ್ನೆ ಕಾಣಿಸಿತು: ಬೆರಳುಗಳನ್ನೆತ್ತಿ ಹರಸುತ್ತಿರುವ ಒಂದು ಕೈ, ಅದರ ಮೇಲೆ ಒಂದು ಕಿರೀಟ. ನಮ್ಮ ದೇವಾಲಯಗಳಲ್ಲಿ ಅಭಯಹಸ್ತವನ್ನು ಕಂಡು ಕೈಮುಗಿದು ಬೆಳೆದವನಿಗೆ, ಚಾಕುವಿನ ಅಲಗಿನ ಮೇಲೆ ಆಶೀರ್ವಾದವನ್ನು ಕಂಡರೆ ಮುಂದಕ್ಕೆ ಹೋಗುವುದು ಹೇಗೆ ಸಾಧ್ಯ?

ಫ್ರಾನ್ಸಿನ ಒಂಬತ್ತನೆಯ ಚಾರ್ಲ್ಸ್ ದೊರೆಯು 1565ರಲ್ಲಿ, ಚಾಕು ಮಾಡುವ ಪ್ರತಿಯೊಬ್ಬ ಕುಶಲಿಯೂ ತನ್ನ ಕೃತಿಯ ಮೇಲೆ ತನ್ನ ಗುರುತನ್ನು ಒತ್ತಬೇಕೆಂದು ಕಟ್ಟಳೆ ಮಾಡಿದನಂತೆ. ಆ ಪದ್ಧತಿಯನ್ನು ಗೌರವಿಸಿ ಜೋಸೆಫನು 1909ರಲ್ಲಿ ಈ ಕೈಯನ್ನು ಆರಿಸಿಕೊಂಡನು. ಕಿರೀಟ ಸವಾಯ್ ರಾಜ್ಯದ್ದು. ಆ ಪ್ರಾಂತವು 1860ರಲ್ಲಿಯೇ ಫ್ರಾನ್ಸಿಗೆ ಸೇರಿಹೋಗಿತ್ತಾದುದರಿಂದ, ರಾಜನಿಲ್ಲದ ಕಿರೀಟವೊಂದು ರೈತನ ಜೇಬಿನಲ್ಲಿ ಆಶ್ರಯ ಪಡೆದಂತಾಯಿತು. ಕೈ ಮಾತ್ರ ಬಹು ಪುರಾತನವಾದುದು. ಅದು ಕಣಿವೆಯ ಮುಖ್ಯ ಪಟ್ಟಣವಾದ ಸೇಂಟ್ ಜಾನ್ ದ ಮೋರಿಯೆನ್ನಿನ ಲಾಂಛನ. ಸ್ನಾನಿಕನಾದ ಯೋಹಾನನ ಮೂರು ಬೆರಳುಗಳು ಅಲ್ಲಿನ ದೇವಾಲಯದಲ್ಲಿವೆಯೆಂದು ಆ ಪಟ್ಟಣದ ಶ್ರದ್ಧೆ.

ಆ ಬೆರಳುಗಳು ಅಲ್ಲಿಗೆ ಬಂದ ಕಥೆಯನ್ನು 6ನೆಯ ಶತಮಾನದ ತೂರ್ ಪಟ್ಟಣದ ಬಿಷಪ್ ಗ್ರಿಗೊರಿ ಬರೆದಿಟ್ಟಿದ್ದಾನೆ. ಮೋರಿಯೆನ್ನಿನಿಂದ ಯಾತ್ರೆ ಹೊರಟ ಒಬ್ಬ ಹೆಂಗಸು ಸಂತನ ಶರೀರದ ಒಂದಂಶವಾದರೂ ತನಗೆ ದೊರೆಯದ ಹೊರತು ಮರಳಲಾರೆನೆಂದು ಸಂಕಲ್ಪಿಸಿ ಪ್ರಾರ್ಥಿಸುತ್ತ ಕಾಲ ಕಳೆದಳು; ಕೊನೆಗೆ ಅನ್ನಾಹಾರಗಳನ್ನು ಬಿಟ್ಟು ಬಲಿಪೀಠದ ಮುಂದೆ ಬಿದ್ದುಕೊಂಡಾಗ, ಪೀಠದ ಮೇಲೆ ಥಳಥಳಿಸುವ ಹೆಬ್ಬೆರಳೊಂದು ಪ್ರತ್ಯಕ್ಷವಾಯಿತು. ದೇವರೊಡನೆ ಜಗಳವಾಡಿ ವರ ಪಡೆದ ಭಕ್ತರ ಕಥೆಗಳಿಗೆ ನಮ್ಮಲ್ಲಿ ಕೊರತೆಯೇ? ಈ ತಾಯಿಯನ್ನು ನಮ್ಮ ಶರಣೆಯರ ಸಾಲಿನಲ್ಲಿ ಕೂರಿಸಿದರೆ ಆಕೆಗೆ ಪರಕೀಯಭಾವ ಹುಟ್ಟದು. ಬೆರಳು ಒಂದೋ ಮೂರೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ನನ್ನನ್ನು ಸೋಜಿಗಗೊಳಿಸುವುದು ಬೇರೆಯದೇ ಒಂದು ಸಂಗತಿ: ಹೆರೋದನ ಆಜ್ಞೆಯಿಂದ ಶಿರಚ್ಛೇದಕ್ಕೊಳಗಾದವನು ಈ ಯೋಹಾನ. ಯಾವ ಉಕ್ಕು ಆತನ ಕೊರಳನ್ನು ಕೊಯ್ದಿತೋ ಆ ಉಕ್ಕಿನ ಕುಲದ ಮೇಲೆಯೇ ಆತನ ಕೈ ನಿಂತು ಹರಸುತ್ತಿದೆ. ಕ್ಷಮೆಯನ್ನು ಕುರಿತು ದೀರ್ಘವಾದ ಉಪನ್ಯಾಸಗಳನ್ನು ಕೇಳಿದ್ದೇನೆ. ಇಷ್ಟು ಚಿಕ್ಕ ಜಾಗದಲ್ಲಿ ಅದನ್ನು ಹೇಳಿದವರನ್ನು ಕಂಡಿರಲಿಲ್ಲ. ಜೋಸೆಫನು ಇಷ್ಟೆಲ್ಲ ಆಲೋಚಿಸಿದ್ದನೆಂದು ನಾನು ವಾದಿಸುವುದಿಲ್ಲ. ಊರಿನ ಗುರುತೆಂದು ಒತ್ತಿದ್ದರೂ ಒತ್ತಿರಬಹುದು.

ಇನ್ನು ಮಾವಿನಕಾಯಿಯ ಪ್ರಶ್ನೆ. ಹಳೆಯ ರೀತಿಯ ಕಾರ್ಬನ್ ಉಕ್ಕಿನ ಅಲಗು ಸುಲಭವಾಗಿ ಹರಿತಗೊಳ್ಳುವುದಾದರೂ ಹುಳಿ ತಾಕಿದೊಡನೆ ಕಪ್ಪಿಡುತ್ತದೆ, ತೇವದಲ್ಲಿ ತುಕ್ಕು ಹಿಡಿಯುತ್ತದೆ. ಆಷಾಢದಲ್ಲಿ ಗೋಡೆಯೂ ಬೆವರುವ ಮಲೆನಾಡಿನವರಿಗೆ ಅದು ಹೇಳಿದ್ದಲ್ಲ, ತುಕ್ಕುಹಿಡಿಯದ ಉಕ್ಕಿನದೇ ಆಗಬೇಕು. ಬೀಚ್ ಮರದ ಹಿಡಿ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿಕೊಂಡರೆ, ಹಿಡಿಯ ಹಿಂತುದಿಯನ್ನು ಮೇಜಿನಂಚಿಗೆ ಮೆಲ್ಲನೆ ಕುಟ್ಟುವುದು ಸವಾಯ್ ಜನರ ಉಪಾಯ. ಅಲಗು ತಾನೇ ಇಣುಕುತ್ತದೆ. 1955ರಲ್ಲಿ ಮಾರ್ಸೆಲ್ ಓಪಿನೆಲನು ಸೇರಿಸಿದ ತಿರುಗುವ ಉಂಗುರವು, ಬಿಚ್ಚಿದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ತಡೆಯುತ್ತದೆ. ಅದಕ್ಕೆ ಸ್ಪ್ರಿಂಗಿನ ಹಂಗಿಲ್ಲ. ಹಿಡಿಯ ನಡುವಿನ ಉಬ್ಬು, ತುದಿಯ ಓರೆ, ಎಲ್ಲವೂ ಅಂಗೈಯ ಅಗತ್ಯಕ್ಕೆ ತಕ್ಕುವು. ಆದುದರಿಂದಲೇ ದೂರದಿಂದ ಕಂಡರೂ ಇದು ಓಪಿನೆಲ್ಲೇ ಎಂದು ಗುರುತಿಸಬಹುದು.

ಆದರೆ ಕೆಲಸದಿಂದ ಹುಟ್ಟಿದ ರೂಪವಷ್ಟೇ ಚೆಲುವೆಂದು ಶಾಸನ ಮಾಡುವವರ ಪಕ್ಷಕ್ಕೆ ನಾನು ಪೂರ್ತಿಯಾಗಿ ಸೇರಲಾರೆ. ಏಕೆಂದರೆ ನನ್ನನ್ನು ಗೆದ್ದ ಆ ಕೈಯಿಂದ ಯಾವ ಕಾಯಿಯೂ ಹೆಚ್ಚು ಚೆನ್ನಾಗಿ ಹೋಳಾಗುವುದಿಲ್ಲ. ಚಾಕುವನ್ನು ಆರಿಸುವ ಓದುಗರಿಗೆ ನನ್ನ ಸಲಹೆ ಇಷ್ಟೇ: ಅಲಗು, ಹಿಡಿ, ಬೀಗ, ಈ ಮೂರೂ ಕೆಲಸಕ್ಕೆ ಒಪ್ಪುವಂತಿವೆಯೇ ಎಂದು ಮೊದಲು ನಿಷ್ಠುರವಾಗಿ ಪರೀಕ್ಷಿಸಿರಿ, ಆ ಬಳಿಕ, ಕೆಲಸಕ್ಕೆ ಬಾರದ ಒಂದೇ ಒಂದು ವಸ್ತು, ಉಗುರಿನಗಲವನ್ನು ಮೀರದಂತೆ, ಅದರ ಮೇಲಿದ್ದರೆ ಧಾರಾಳವಾಗಿ ಕೊಳ್ಳಿರಿ. ನಾನು ಹೇಳಿಕಳುಹಿಸಿದ್ದು ಎಂಟನೆಯ ಸಂಖ್ಯೆಯದು. ಅದರ ಅಲಗಿನ ಉದ್ದ ಎಂಟೂವರೆ ಸೆಂಟಿಮೀಟರು, ಗೃಹಸ್ಥನಿಗೆ ಅಷ್ಟು ಸಾಕು.